ಫ್ರಿಜ್, ಎಸಿ ಕಂಪ್ರೆಸರಿನ ಮೋಟರ್ ಸುಟ್ಟರೆ: ಪರೀಕ್ಷೆಯಿಂದ ರೀವೈಂಡಿಂಗ್‌ವರೆಗೆ

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಮೋಟರ್ ವೈಂಡಿಂಗ್ ಅಂಗಡಿಗಳಿಗೇನೂ ಬರವಿಲ್ಲ. ನೆಲ್ಲಿನ ಹಂಗಾಮಿನಲ್ಲಿ ಸುಟ್ಟ ಪಂಪ್‌ಸೆಟ್‌ಗಳು ಸಾಲುಗಟ್ಟಿ ಬರುತ್ತವೆ. ಬಿಸಿಲು ಏರಿತು ಅಂದರೆ ಅದೇ ಅಂಗಡಿಗೆ ಬೇರೆ ಗಿರಾಕಿ ಬರುತ್ತಾರೆ: "ಅಣ್ಣಾ, ಕಂಪ್ರೆಸರ್ ಸುಟ್ಟೈತಂತ, ಕಟ್ಟಿಕೊಡ್ತೀರೇನು?" ಕಟ್ಟುವವರು, ಕಟ್ಟಿಸುವವರು ಇಬ್ಬರೂ ನನ್ನನ್ನು ಇದೇ ಪ್ರಶ್ನೆ ಕೇಳುತ್ತಿರುತ್ತಾರೆ. ಅದಕ್ಕೇ ಒಂದೇ ಕಡೆ ವಿವರವಾಗಿ ಬರೆಯುತ್ತಿದ್ದೇನೆ.

ಕಟ್ಟಬಹುದು, ಅಂದರೆ ಮೋಟರಿನ ಸುಟ್ಟ ತಂತಿ ತೆಗೆದು ಹೊಸ ತಂತಿ ಸುತ್ತಬಹುದು. ಆದರೆ ಪಂಪ್‌ಸೆಟ್ ಮೋಟರ್ ಕಟ್ಟಿದ ಹಾಗೆ ಕಟ್ಟಿದರೆ ಅದು ಬಾಳುವುದಿಲ್ಲ. ಕಂಪ್ರೆಸರಿನಲ್ಲಿ ಮೋಟರು, ತಂಪು ಮಾಡುವ ಗ್ಯಾಸ್ ಒತ್ತುವ ಪಂಪು ಎರಡೂ ಒಂದೇ ಉಕ್ಕಿನ ಡಬ್ಬಿಯೊಳಗೆ ಇರುತ್ತವೆ. ಡಬ್ಬಿಯನ್ನು ವೆಲ್ಡ್ ಮಾಡಿ ಮುಚ್ಚಿರುತ್ತಾರೆ. ಒಳಗಿನ ವೈಂಡಿಂಗ್ ಮೇಲೆ ಹಗಲೂ ರಾತ್ರಿ ಗ್ಯಾಸು, ಬಿಸಿ ಎಣ್ಣೆ ಹರಿಯುತ್ತಿರುತ್ತದೆ. ಸುತ್ತಿನ ಲೆಕ್ಕ ಎಷ್ಟೇ ಸರಿಯಿರಲಿ, ವೈರು, ಪೇಪರು, ವಾರ್ನಿಷ್ ಇವು ಆ ಗ್ಯಾಸು ಎಣ್ಣೆಗೆ ತಡೆಯದಿದ್ದರೆ ನಿಮ್ಮ ಕೆಲಸ ನೀರುಪಾಲು.

ಮೊದಲು: ಕಟ್ಟಬೇಕಾ, ಬೇಡವಾ?

ಡಬ್ಬಿ ಮೇಲಿನ ಚೀಟಿ ಓದಿ. ಯಾವ ಗ್ಯಾಸ್ ಅಂತ ಅಲ್ಲಿ ಬರೆದಿರುತ್ತದೆ.

ಆರ್-600ಎ ಅಂತಿದ್ದರೆ ಅದು ಐಸೋಬ್ಯೂಟೇನ್. ಅಡುಗೆ ಗ್ಯಾಸಿನ ಹಾಗೇ ಬೆಂಕಿ ಹತ್ತುತ್ತದೆ. ಈಗಿನ ಮನೆ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ. ಇದನ್ನು ಕತ್ತರಿಸಿ ಕಟ್ಟಲು ಹೋಗಬೇಡಿ, ಹೊಸ ಕಂಪ್ರೆಸರ್ ಹಾಕಿಸಿ. ಎಣ್ಣೆಯಲ್ಲಿ ಉಳಿದ ಗ್ಯಾಸಿಗೆ ಗ್ರೈಂಡರಿನ ಒಂದು ಕಿಡಿ ಸಾಕು. ಇನ್ವರ್ಟರ್ ಫ್ರಿಜ್, ಇನ್ವರ್ಟರ್ ಎಸಿ ಕಂಪ್ರೆಸರ್‌ಗಳನ್ನೂ ಬಿಡಿ. ಒಳಗಿನ ಮೋಟರೇ ಬೇರೆ ಜಾತಿಯದು, ಮೂರೂ ಪಿನ್ ನಡುವೆ ಒಂದೇ ಓಮ್ (ಕರೆಂಟಿಗೆ ಇರುವ ತಡೆ) ತೋರಿಸುತ್ತದೆ. ಹೊಸಬರು ಇದನ್ನು ನೋಡಿ "ಶಾರ್ಟ್ ಆಗಿದೆ" ಅಂದುಬಿಡುತ್ತಾರೆ. ಇನ್ನು ಕೆಲವರು ನೇರ 230 ವೋಲ್ಟ್ ಕೊಟ್ಟು, ಚೆನ್ನಾಗಿದ್ದುದನ್ನೂ ಸುಡುತ್ತಾರೆ.

ಆರ್-134ಎ ಇರುವ ಸಣ್ಣ ಫ್ರಿಜ್ಜಿನ ಕಂಪ್ರೆಸರ್ ಕಟ್ಟಬಹುದು, ಆದರೆ ಲಾಭವಿಲ್ಲ. ನನ್ನ ಅಳತೆ ಇಷ್ಟೇ: ಕಟ್ಟುವ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ಬೇಡ. ದುಡ್ಡು ಉಳಿಯುವುದು ದೊಡ್ಡ ಡೀಪ್ ಫ್ರೀಜರ್, ಹಳೇ ಆರ್-22 ಎಸಿ, ಹಾಲು ತಂಪು ಮಾಡುವ ಘಟಕ, ಐಸ್ ಫ್ಯಾಕ್ಟರಿ, ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್, ಇಂಥವುಗಳ ಕಂಪ್ರೆಸರಿನಲ್ಲಿ. ಅಲ್ಲಿ ಬೋಲ್ಟ್ ಹಾಕಿ ಮುಚ್ಚಿದ ಸೆಮಿ-ಸೀಲ್ಡ್ ಕಂಪ್ರೆಸರ್ ಇದ್ದರೆ ಇನ್ನೂ ಒಳ್ಳೆಯದು, ಕತ್ತರಿಸುವ ಕೆಲಸವೇ ಇಲ್ಲ.

ಬೇಕಾದ ಸಾಮಾನು: ಓಮ್ ಸರಿಯಾಗಿ ತೋರಿಸುವ ಮಲ್ಟಿಮೀಟರ್, ಕ್ಲಾಂಪ್ ಮೀಟರ್, 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಎಷ್ಟು ಗಟ್ಟಿ ಇದೆ ಅಂತ ತೋರಿಸುವ ಮೀಟರು), ಮೈಕ್ರೋಮೀಟರ್, ಒಣಗಿಸುವ ಓವನ್, ರೆಗ್ಯುಲೇಟರ್ ಇರುವ ನೈಟ್ರೋಜನ್ ಸಿಲಿಂಡರ್, ಎರಡು ಹಂತದ ವ್ಯಾಕ್ಯೂಮ್ ಪಂಪ್, ಗ್ಯಾಸ್ ತೂಗುವ ತಕ್ಕಡಿ. ವ್ಯಾಕ್ಯೂಮ್ ಪಂಪು, ನೈಟ್ರೋಜನ್ ಇಲ್ಲದಿದ್ದರೆ ಕೆಲಸವನ್ನೇ ಒಪ್ಪಿಕೊಳ್ಳಬೇಡಿ.

1. ನಿಜವಾಗಿಯೂ ಸುಟ್ಟಿದೆಯಾ, ನೋಡಿ

ಕರೆಂಟ್ ತೆಗೆಯಿರಿ. ಕೆಪ್ಯಾಸಿಟರ್ ಇದ್ದರೆ ಒಂದು ರೆಸಿಸ್ಟರ್ ಮೂಲಕ ಅದರ ಚಾರ್ಜ್ ಇಳಿಸಿ. ಪಿನ್ನುಗಳ ಮೇಲಿನ ರಿಲೇ, ಓವರ್‌ಲೋಡ್ ಎರಡನ್ನೂ ಕಿತ್ತು ಪಕ್ಕಕ್ಕಿಡಿ. ರಿಲೇ ಅಂದರೆ ಶುರುವಿನಲ್ಲಿ ಸ್ಟಾರ್ಟ್ ವೈಂಡಿಂಗ್‌ಗೆ ಕರೆಂಟ್ ಕೊಟ್ಟು ಆಮೇಲೆ ಬಿಡಿಸುವ ಸಾಧನ. ಓವರ್‌ಲೋಡ್ ಅಂದರೆ ಬಿಸಿ ಇಲ್ಲವೇ ಕರೆಂಟ್ ಜಾಸ್ತಿಯಾದಾಗ ಕಡಿಯುವ ಸಾಧನ.

ಈಗ ಸಿಂಗಲ್ ಫೇಸ್ ಮೋಟರಿನ ಮೂರು ಪಿನ್ನುಗಳನ್ನು ಜೋಡಿ ಜೋಡಿಯಾಗಿ ಅಳೆಯಿರಿ. ಉದಾಹರಣೆಗೆ 14, 22, 36 ಓಮ್ ಬಂತು ಅಂದುಕೊಳ್ಳಿ. ಎಲ್ಲಕ್ಕಿಂತ ಜಾಸ್ತಿ, ಅಂದರೆ 36 ಬಂದಾಗ ಯಾವ ಪಿನ್ ಮುಟ್ಟಿರಲಿಲ್ಲವೋ ಅದು ಕಾಮನ್, ಅಂದರೆ ಎರಡೂ ವೈಂಡಿಂಗ್ ಸೇರುವ ಪಿನ್. ಕಾಮನ್‌ನಿಂದ 14 ತೋರಿಸುವುದು ರನ್, 22 ತೋರಿಸುವುದು ಸ್ಟಾರ್ಟ್. ಚಿಕ್ಕ ಎರಡು ಸಂಖ್ಯೆ ಕೂಡಿಸಿದರೆ ದೊಡ್ಡದು ಬರಬೇಕು. ಬರಲಿಲ್ಲ ಅಂದರೆ ಒಳಗೆ ರನ್, ಸ್ಟಾರ್ಟ್ ವೈಂಡಿಂಗ್‌ಗಳು ಒಂದಕ್ಕೊಂದು ತಾಗಿರಬಹುದು. ನಮ್ಮ ಬಿಸಿಲಿಗೆ ಒಂದು ಮಾತು: ತಾಮ್ರ 20 ಡಿಗ್ರಿ ಜಾಸ್ತಿ ಕಾದರೆ ಓಮ್ ಸುಮಾರು 8 ಪರ್ಸೆಂಟ್ ಏರುತ್ತದೆ. ಬಿಸಿ ಕಂಪ್ರೆಸರಿನ ಓಮನ್ನು ತಣ್ಣಗಿರುವುದರ ಜೊತೆ ಹೋಲಿಸಬೇಡಿ.

ಆಮೇಲೆ ಬಾಡಿ ಟೆಸ್ಟ್. ಡಬ್ಬಿಯ ಬಣ್ಣ ಕೆರೆದು ಮೆಗ್ಗರಿನ ಒಂದು ತುದಿ ಅಲ್ಲಿ, ಇನ್ನೊಂದು ಪಿನ್ನಿಗೆ. 2 ಮೆಗಾ ಓಮ್‌ಗಿಂತ ಕೆಳಗೆ ಬಂದರೆ ಅನುಮಾನಪಡಿ. ಸೊನ್ನೆ ಬಂದರೆ ಅನುಮಾನವೇ ಬೇಡ, ಬಾಡಿಗೆ ಶಾರ್ಟ್.

ಇಲ್ಲಿ ಜನ ಎಡವುವ ಜಾಗಗಳು ಜಾಸ್ತಿ. ಎಸಿ ಕಂಪ್ರೆಸರಿನಲ್ಲಿ ಕಾಮನ್‌ನಿಂದ ಎರಡೂ ಕಡೆ ಓಪನ್ ತೋರಿಸಿ, ರನ್-ಸ್ಟಾರ್ಟ್ ನಡುವೆ ಮಾತ್ರ ಓಮ್ ಬಂದರೆ, ಅದು ಸುಟ್ಟಿದೆ ಅಂತ ಇನ್ನೂ ಹೇಳುವ ಹಾಗಿಲ್ಲ. ಒಳಗೇ ಕೂರಿಸಿದ ಓವರ್‌ಲೋಡ್ ಬಿಸಿಗೆ ತೆರೆದುಕೊಂಡಿರಬಹುದು. ರಾಯಚೂರಿನ ಮೇ ತಿಂಗಳಲ್ಲಿ ಅದು ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಕರೆಂಟ್ ಪೂರ್ತಿ ತೆಗೆದು, ಪಿನ್ನುಗಳಿಗೆ ನೀರು ತಾಗದಂತೆ ಮುಚ್ಚಿ, ಡಬ್ಬಿಗೆ ಒದ್ದೆ ಗೋಣಿಚೀಲ ಸುತ್ತಿ. ತಣ್ಣಗಾದ ಮೇಲೆ ಮತ್ತೆ ಅಳೆಯಿರಿ.

ರಿಲೇ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಪಿಟಿಸಿ ರಿಲೇ ಒಳಗೆ ಬಿಸಿಯಾದರೆ ಕರೆಂಟ್ ತಡೆಯುವ ಒಂದು ಸಣ್ಣ ಬಿಲ್ಲೆ ಇರುತ್ತದೆ. ಲೊಟಲೊಟ ಸದ್ದು ಬಂದರೆ ಬಿಲ್ಲೆ ಒಡೆದಿದೆ. ಸುಟ್ಟಿದೆ ಅಂತ ಅಂಗಡಿಗೆ ಬರುವ ಕಂಪ್ರೆಸರ್‌ಗಳಲ್ಲಿ ಎಷ್ಟೋ ಬರೀ ರಿಲೇ ಬದಲಿಸಿದರೆ ಓಡುತ್ತವೆ. ಗಿರಾಕಿಗೆ ಅದನ್ನು ನೇರವಾಗಿ ಹೇಳಿ. ಇನ್ನೊಂದು: ಕರೆಂಟ್ ಹೋಗಿ ತಕ್ಷಣ ಬಂದರೆ ಗುಂಯ್ ಅಂದು ನಿಲ್ಲುವುದು ರಿಪೇರಿಯ ಮಾತಲ್ಲ. ಬಿಲ್ಲೆ ತಣ್ಣಗಾಗಿ, ಎರಡೂ ಕಡೆಯ ಒತ್ತಡ ಸಮ ಆಗಲು ಐದು ನಿಮಿಷವಾದರೂ ಬೇಕು.

ಎಚ್ಚರಿಕೆ: ಒಳಗೆ ಗ್ಯಾಸ್ ಇರುವಾಗ ಪಿನ್ನಿನ ಮುಚ್ಚಳ ತೆಗೆದು ಕರೆಂಟ್ ಕೊಡಬೇಡಿ. ಬಾಡಿ ಶಾರ್ಟ್ ಆಗಿದ್ದರೆ ಪಿನ್ನು ಕಿತ್ತು ಹಾರಿ, ಎಣ್ಣೆ ಬೆಂಕಿಯಾಗಿ ಮುಖಕ್ಕೆ ಬಡಿಯಬಹುದು.

2. ಏಕೆ ಸುಟ್ಟಿತು?

ಇದನ್ನು ಬಿಟ್ಟು ಕಟ್ಟಿದರೆ ಮುಂದಿನ ಬೇಸಿಗೆಗೆ ಅದೇ ಕಂಪ್ರೆಸರ್ ವಾಪಸ್ ಬರುತ್ತದೆ. ಗಿರಾಕಿಯ ಜಾಗಕ್ಕೇ ಹೋಗಿ ನೋಡಿ.

ಮೊದಲು ವೋಲ್ಟೇಜ್. ಮೋಟರಿನ ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದ ಕಡೆ 180 ಬಂದರೆ ಬಲ ಸುಮಾರು 61 ಪರ್ಸೆಂಟ್ ಮಾತ್ರ ಉಳಿಯುತ್ತದೆ. ಮೋಟರ್ ತಿರುಗಲು ಒದ್ದಾಡುತ್ತದೆ, ಕರೆಂಟ್ ಎಳೆಯುತ್ತದೆ, ಕಾಯುತ್ತದೆ. ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಪಂಪ್‌ಸೆಟ್‌ಗಳು ತುಂಬಿರುವ ಊರುಗಳಲ್ಲಿ ಸಂಜೆ ಹೊತ್ತು ಅಳೆದು ನೋಡಿ, ಮಧ್ಯಾಹ್ನದ ಅಳತೆ ನಂಬಬೇಡಿ. ತೀರಾ ಕಡಿಮೆ ಬರುತ್ತಿದ್ದರೆ ಕರೆಂಟ್ ಕಂಪನಿ ಜೆಸ್ಕಾಂಗೆ ಗಿರಾಕಿ ಬರೆದುಕೊಡಲಿ. ಅಲ್ಲಿಯವರೆಗೆ ಸ್ಟೆಬಿಲೈಸರ್ ಬೇಕೇ ಬೇಕು.

ಎರಡನೆಯದು ಧೂಳು. ಹಿಂದಿನ ಜಾಲರಿ, ಅಂದರೆ ಕಂಡೆನ್ಸರ್, ಮುಚ್ಚಿಹೋದರೆ ಒತ್ತಡ ಏರಿ ಮೋಟರಿಗೆ ಹೊರೆ. ಸಂಡೂರು, ತೋರಣಗಲ್ಲು ಕಡೆ ಕೆಂಪು ಅದಿರಿನ ಧೂಳು. ಗಂಗಾವತಿ, ಕಾರಟಗಿಯ ರೈಸ್ ಮಿಲ್ ಅಕ್ಕಪಕ್ಕ ತೌಡು. ಎರಡೂ ಎಣ್ಣೆ ಪಸೆಗೆ ಅಂಟಿಕೊಂಡು ಗಟ್ಟಿಯಾಗುತ್ತವೆ.

ಮೂರನೆಯದು ಯಾರಿಗೂ ಹೊಳೆಯದ್ದು: ಗ್ಯಾಸ್ ಸೋರಿಕೆ. ವಾಪಸ್ ಬರುವ ತಣ್ಣನೆ ಗ್ಯಾಸೇ ಬಹಳಷ್ಟು ಕಂಪ್ರೆಸರ್‌ಗಳಲ್ಲಿ ಮೋಟರನ್ನು ತಂಪಾಗಿಡುವುದು. ಗ್ಯಾಸ್ ಕಡಿಮೆಯಾದರೆ ತಂಪಾಗುವುದಿಲ್ಲ, ಥರ್ಮೋಸ್ಟ್ಯಾಟ್ ಕಡಿಯುವುದಿಲ್ಲ, ಮೋಟರ್ ಬಿಡುವಿಲ್ಲದೆ ಓಡಿ ಓಡಿ ಸುಡುತ್ತದೆ. ಥ್ರೀ ಫೇಸ್ ಆದರೆ ಒಂದು ಫೇಸ್ ಹೋಗಿ ಎರಡರ ಮೇಲೆ ಓಡಿತ್ತಾ ಅಂತಲೂ ಕೇಳಿ. ಸುಟ್ಟ ಕಾಯಿಲ್ ನೋಡಿದರೆ ಅದು ತಾನಾಗೇ ಗೊತ್ತಾಗುತ್ತದೆ, ಪಂಪ್‌ಸೆಟ್ಟಿನಲ್ಲಿ ನೀವು ನೋಡಿರುತ್ತೀರಿ ಅಲ್ವಾ.

3. ಗ್ಯಾಸ್ ತೆಗೆದು ಡಬ್ಬಿ ಬಿಚ್ಚುವುದು

ಗ್ಯಾಸನ್ನು ಗಾಳಿಗೆ ಬಿಡಬೇಡಿ, ರಿಕವರಿ ಸಿಲಿಂಡರಿಗೆ ಎಳೆಯಿರಿ. ಆರ್-12 ಅನ್ನು 2010ರಲ್ಲಿ ನಮ್ಮ ದೇಶದಲ್ಲಿ ನಿಲ್ಲಿಸಿದ್ದೇ ಓಝೋನ್ ಪದರಕ್ಕೆ ಅದು ಮಾಡುವ ಹಾನಿಗೆ. ಆರ್-22 ಕೂಡ ಅದೇ ದಾರಿಯಲ್ಲಿದೆ. ಗ್ಯಾಸ್ ಇರುವಾಗ ಪೈಪಿಗೆ ಬೆಂಕಿಯ ಟಾರ್ಚ್ ಹಿಡಿಯಬೇಡಿ. ಈ ಗ್ಯಾಸುಗಳು ಬೆಂಕಿ ತಾಗಿದರೆ ವಿಷವಾಗುತ್ತವೆ. ಪೈಪ್ ಕಟರ್ ಬಳಸಿ.

ಎಣ್ಣೆಯನ್ನು ಅಳತೆ ಪಾತ್ರೆಗೆ ಸುರಿದು ಎಷ್ಟಿದೆ ಬರೆದುಕೊಳ್ಳಿ. ಕಪ್ಪಾಗಿ ಘಾಟು ಹೊಡೆದರೆ ಅದರಲ್ಲಿ ಆಸಿಡ್ ಇದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮುಟ್ಟಿ.

ಕತ್ತರಿಸುವ ಮೊದಲು ವೆಲ್ಡ್ ಗೆರೆಯ ಮೇಲೆ ಕೆಳಗೆ ಮೂರು ಕಡೆ ಪಂಚ್ ಗುರುತು ಹಾಕಿ, ಮತ್ತೆ ಕೂರಿಸುವಾಗ ಅದೇ ಜಾಗಕ್ಕೆ ಬರಬೇಕು. ದುಂಡಗಿರುವ ಡಬ್ಬಿ ಆದರೆ ಲೇತ್ ಮೇಲೆ ಕತ್ತರಿಸುವುದು ಉತ್ತಮ. ಗ್ರೈಂಡರ್ ಆದರೆ ತೆಳು ಡಿಸ್ಕ್ ಹಾಕಿ, ಉಕ್ಕಿನ ದಪ್ಪದಷ್ಟೇ ಇಳಿಸಿ. ಆಳ ಹೋದರೆ ಒತ್ತಿದ ಗ್ಯಾಸ್ ಹೊರಬಿಡುವ ಒಳಗಿನ ತೆಳು ಡಿಸ್ಚಾರ್ಜ್ ಪೈಪ್ ಕತ್ತರಿಸುತ್ತದೆ.

ಒಳಗೆ ಪಂಪು, ಮೋಟರು ಸ್ಪ್ರಿಂಗ್ ಮೇಲೆ ಕೂತಿರುತ್ತವೆ. ಎಲ್ಲ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಬೋಲ್ಟ್ ಬಿಚ್ಚಿ ಸ್ಟೇಟರ್, ಅಂದರೆ ವೈಂಡಿಂಗ್ ಇರುವ ಭಾಗ, ಹೊರತೆಗೆಯಿರಿ. ಶಾಫ್ಟಿನ ಮೇಲೆ ಒತ್ತಿ ಕೂರಿಸಿದ ರೋಟರನ್ನು, ಅಂದರೆ ತಿರುಗುವ ಭಾಗವನ್ನು, ಕೀಳಬೇಡಿ. ಪಿಸ್ಟನ್, ಬೇರಿಂಗ್ ಕೈಯಲ್ಲಿ ತಿರುಗಿಸಿ ನೋಡಿ. ಪಂಪೇ ಹಿಡಿದುಕೊಂಡಿದ್ದರೆ ಇಲ್ಲಿಗೇ ನಿಲ್ಲಿಸಿ, ವೈಂಡಿಂಗ್ ಕಟ್ಟಿ ಪ್ರಯೋಜನವಿಲ್ಲ.

4. ಹಳೇ ವೈಂಡಿಂಗಿನ ಲೆಕ್ಕ

ಇಡೀ ಕೆಲಸದಲ್ಲಿ ತಾಳ್ಮೆ ಬೇಕಾಗುವುದು ಇಲ್ಲಿ. ಅವಸರ ಮಾಡಬೇಡಿ.

ಸ್ಲಾಟ್, ಅಂದರೆ ಸ್ಟೇಟರಿನಲ್ಲಿ ತಂತಿ ಕೂರುವ ಸೀಳು, ಎಷ್ಟಿವೆ ಎಣಿಸಿ, ಒಂದು ಸ್ಲಾಟಿಗೆ ಬಣ್ಣದ ಗುರುತು ಹಾಕಿ. 24 ಸ್ಲಾಟು, ಎರಡು ಪೋಲ್ (ಅಯಸ್ಕಾಂತದ ಧ್ರುವ) ಅಂದುಕೊಳ್ಳಿ. ಒಂದು ಪೋಲಿಗೆ 12 ಸ್ಲಾಟ್. ರನ್ ಕಾಯಿಲ್‌ಗಳು ಒಂದರೊಳಗೊಂದು ಕೂತಿರುತ್ತವೆ: 1-12, 2-11, 3-10, 4-9, ಹೀಗೆ. ಸ್ಟಾರ್ಟ್ ಕಾಯಿಲ್‌ಗಳ ನಡುಗೆರೆ ರನ್ನಿನ ನಡುಗೆರೆಯಿಂದ ಆರು ಸ್ಲಾಟ್ ಆಚೆ ಇರುತ್ತದೆ. ಪ್ರತಿ ಕಾಯಿಲಿನ ಸುತ್ತು ಬೇರೆ ಬೇರೆ. ಒಂದನ್ನು ಎಣಿಸಿ ಉಳಿದದ್ದನ್ನು ಅಂದಾಜು ಮಾಡುವ ಹಾಗಿಲ್ಲ.

ಈಗ ಮುಖ್ಯ ವಿಷಯ. ಪಂಪ್‌ಸೆಟ್ಟಿನಲ್ಲಿ ಒಂದು ಬದಿ ಉಳಿಯಿಂದ ಕತ್ತರಿಸಿ ತಂತಿ ಎಣಿಸುವುದು ರೂಢಿ. ಕಂಪ್ರೆಸರಿನ ಸ್ಟಾರ್ಟ್ ವೈಂಡಿಂಗಿಗೆ ಹಾಗೆ ಮಾಡಬೇಡಿ. ಕೆಪ್ಯಾಸಿಟರ್ ಇಲ್ಲದ ಮೋಟರ್‌ಗಳಲ್ಲಿ ಸ್ಟಾರ್ಟ್ ಕಾಯಿಲಿನ ಒಂದಷ್ಟು ಸುತ್ತನ್ನು ಉಲ್ಟಾ ಸುತ್ತಿರುವುದುಂಟು. ಅಯಸ್ಕಾಂತ ಬಲ ಏರದೆ ಬರೀ ಓಮ್ ಏರಲಿ ಅಂತ ಹೀಗೆ ಮಾಡುತ್ತಾರೆ. ಒಂದು ಪೋಲಿನ ಸ್ಟಾರ್ಟ್ ಕಾಯಿಲ್‌ಗಳನ್ನು ಕೈಯಿಂದ ಒಂದೊಂದೇ ಸುತ್ತು ಬಿಚ್ಚುತ್ತಾ ಬನ್ನಿ. ಬಲಕ್ಕೆ ಬಿಚ್ಚಿಕೊಳ್ಳುತ್ತಿದ್ದ ಎಳೆ ಒಂದು ಕಡೆ ಚಿಕ್ಕ ಮಡಿಕೆ ಹೊಡೆದು ಎಡಕ್ಕೆ ಬಿಚ್ಚಿಕೊಳ್ಳಲು ಶುರುಮಾಡುತ್ತದೆ. ಆ ಮಡಿಕೆ ಎಷ್ಟನೇ ಸುತ್ತಿನಲ್ಲಿ ಬಂತು, ಯಾವ ಕಾಯಿಲಿನಲ್ಲಿ ಬಂತು ಅನ್ನುವುದನ್ನು ಅಲ್ಲೇ ಬರೆದುಕೊಳ್ಳಿ. ಮುಂದೆ 120, ಹಿಂದೆ 30 ಇದ್ದರೆ ಅಯಸ್ಕಾಂತದ ಲೆಕ್ಕಕ್ಕೆ ಅದು 90. ಕತ್ತರಿಸಿ ಎಣಿಸಿದವರಿಗೆ 150 ಕಾಣುತ್ತದೆ. 150ನ್ನೂ ಒಂದೇ ಕಡೆ ಸುತ್ತಿದರೆ ಓಮ್ ಮೀಟರಿನಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಮೋಟರ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. "ಎಲ್ಲ ಸರಿ ಕಟ್ಟಿದೀನಿ, ಗುಂಯ್ ಅಂತೈತಿ" ಅನ್ನುವವರಿಗೆ ನಾನು ಮೊದಲು ಕೇಳುವುದು ಈ ಉಲ್ಟಾ ಸುತ್ತಿನ ಬಗ್ಗೆ.

ವೈರಿನ ಗೇಜ್ ಅಳೆಯುವಾಗ ಮೇಲಿನ ಎನಾಮಲ್ ಪದರ ತೆಗೆದು ಬರೀ ಲೋಹವನ್ನು ಮೈಕ್ರೋಮೀಟರಿನಲ್ಲಿ ಹಿಡಿಯಿರಿ. ಪದರದ ಸಮೇತ ಅಳೆದರೆ ಒಂದು ಗೇಜ್ ದಪ್ಪ ಬಂದುಬಿಡುತ್ತದೆ.

ಎನಾಮಲ್ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ. ಅದೇ ದಪ್ಪದ ತಾಮ್ರ ಹಾಕಿದರೆ ಓಮ್ ಇಳಿದು, ರಿಲೇಗೂ ವೈಂಡಿಂಗಿಗೂ ಹೊಂದುವುದಿಲ್ಲ. ಅಷ್ಟೇ ಓಮ್ ಬೇಕಾದರೆ ತಾಮ್ರದ ವ್ಯಾಸ ಅಲ್ಯೂಮಿನಿಯಂನ 0.78 ಪಟ್ಟು ಇರಬೇಕು. 0.80 ಮಿಲಿಮೀಟರ್ ಅಲ್ಯೂಮಿನಿಯಂ ಬದಲಿಗೆ ಸುಮಾರು 0.62 ತಾಮ್ರ.

ಹಳೇ ತಂತಿ ತೆಗೆಯಲು ಸ್ಟೇಟರನ್ನು ಬೆಂಕಿಗೆ ಹಾಕಬೇಡಿ. ತಗಡುಗಳ ನಡುವಿನ ಇನ್ಸುಲೇಶನ್ ಸುಟ್ಟು, ಹೊಸ ವೈಂಡಿಂಗ್ ಹಾಕಿದರೂ ಮೋಟರ್ ಕಾಯುತ್ತದೆ. ಬದಿ ಕತ್ತರಿಸಿ, ಬೇಕಾದರೆ ಓವನ್ನಿನಲ್ಲಿ ಹದವಾಗಿ ಬಿಸಿ ಮಾಡಿ ಎಳೆಯಿರಿ.

5. ಯಾವ ಸಾಮಾನು ಹಾಕಬೇಕು

ವೈರು: ರೆಫ್ರಿಜರೆಂಟ್ ಗ್ರೇಡ್, ಡ್ಯುಯಲ್ ಕೋಟ್, 200 ಕ್ಲಾಸ್ (200 ಡಿಗ್ರಿ ಬಿಸಿಗೆ ತಡೆಯುವುದು) ಅಂತಲೇ ಕೇಳಿ ತನ್ನಿ. ಎನಾಮಲ್ ಎರಡು ಪದರ ಇದ್ದು, ಮೇಲಿನ ಪದರ ಗ್ಯಾಸಿಗೆ ಕರಗುವುದಿಲ್ಲ. ಮಾಮೂಲಿ ಫ್ಯಾನ್ ವೈರು ಗ್ಯಾಸಿನಲ್ಲಿ ಮೆತ್ತಗಾಗಿ ಗುಳ್ಳೆ ಏಳುತ್ತದೆ. ಸಬ್‌ಮರ್ಸಿಬಲ್ ಮೋಟರಿನ ಪಾಲಿ ವೈರಂತೂ ಹತ್ತಿರಕ್ಕೂ ತರಬೇಡಿ.

ಸ್ಲಾಟಿಗೆ ಪಾಲಿಯೆಸ್ಟರ್ ಫಿಲ್ಮ್. ಲೆದರಾಯ್ಡ್ ಪೇಪರ್ ತೇವ ಹಿಡಿಯುತ್ತದೆ, ಬೇಡ. ಕಟ್ಟಲು ಪಾಲಿಯೆಸ್ಟರ್ ದಾರ. ಪಿವಿಸಿ ಸ್ಲೀವ್, ಕರಿ ಟೇಪ್ ಎರಡೂ ಬೇಡವೇ ಬೇಡ.

ವಾರ್ನಿಷ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಂಗಡಿಯ ಮಾಮೂಲಿ ವಾರ್ನಿಷ್ ಗ್ಯಾಸಿನಲ್ಲಿ ಕರಗಿ ಚೂರು ಚೂರಾಗಿ ಏಳುತ್ತದೆ. ಗ್ಯಾಸ್ ಹಾಯುವ ಕ್ಯಾಪಿಲರಿ ಪೈಪಿನ ಒಳತೂತು ಫ್ರಿಜ್ಜಿನಲ್ಲಿ ಒಂದು ಮಿಲಿಮೀಟರಿಗಿಂತ ಸಣ್ಣದು, ಆ ಚೂರು ಹೋಗಿ ಕೂರುವುದು ಅಲ್ಲೇ. ಹರ್ಮೆಟಿಕ್ ಗ್ರೇಡ್ (ಮುಚ್ಚಿದ ಕಂಪ್ರೆಸರಿಗೆಂದೇ ಮಾಡಿದ) ವಾರ್ನಿಷ್ ಸಿಕ್ಕರೆ ಹಾಕಿ. ಸಿಗದಿದ್ದರೆ ವಾರ್ನಿಷ್ ಇಲ್ಲದೆ ದಾರದಿಂದ ಬಿಗಿಯಾಗಿ ಕಟ್ಟಿ. ಕಂಪನಿಯಿಂದಲೇ ಎಷ್ಟೋ ಸ್ಟೇಟರ್‌ಗಳು ವಾರ್ನಿಷ್ ಇಲ್ಲದೆ ಬರುತ್ತವೆ.

6. ಕಾಯಿಲ್ ಹಾಕುವುದು

ಈ ಭಾಗ ನಿಮಗೆ ಹೊಸದಲ್ಲ. ರನ್ ಮೊದಲು, ನಡುವೆ ಫಿಲ್ಮ್, ಮೇಲೆ ಸ್ಟಾರ್ಟ್. ಜಾಯಿಂಟುಗಳನ್ನು ಚೆನ್ನಾಗಿ ಕೆರೆದು ಕ್ರಿಂಪ್ ಇಲ್ಲವೇ ಬ್ರೇಜ್ ಮಾಡಿ, ಸೋಲ್ಡರ್ ಪೇಸ್ಟ್ ಒಳಗೆ ಉಳಿಯಬಾರದು. ಸ್ಟೇಟರಿನಿಂದ ಹೊರಚಾಚಿದ ಕಾಯಿಲ್ ಬದಿಯ ಎತ್ತರ ಹಳೆಯದಕ್ಕಿಂತ ಒಂದೆಳೆಯೂ ಜಾಸ್ತಿ ಆಗಬಾರದು, ಡಬ್ಬಿಗೋ ಪಂಪಿಗೋ ತಾಗುತ್ತದೆ.

ಪೋಲ್ ಸರಿ ಬಂದಿದೆಯಾ ನೋಡಲು ರನ್ ವೈಂಡಿಂಗಿಗೆ ಸಣ್ಣ ಬ್ಯಾಟರಿ ಕೊಟ್ಟು, ಒಳಗೆ ದಿಕ್ಸೂಚಿ ಸುತ್ತಿಸಿ. ಒಂದು ಪೋಲಿಗೆ ಉತ್ತರ, ಎದುರಿನದಕ್ಕೆ ದಕ್ಷಿಣ ತೋರಿಸಬೇಕು. ಎರಡೂ ಕಡೆ ಒಂದೇ ತೋರಿಸಿದರೆ ಕನೆಕ್ಷನ್ ಉಲ್ಟಾ. ಸ್ಟಾರ್ಟಿಗೂ ಹೀಗೇ ನೋಡಿ.

7. ಒಣಗಿಸಿ, ಜೋಡಿಸಿ, ಓಡಿಸಿ ನೋಡುವುದು

ಓವನ್ನಿನಲ್ಲಿ 110-120 ಡಿಗ್ರಿಯಲ್ಲಿ ಕನಿಷ್ಠ ನಾಲ್ಕು ಗಂಟೆ. ಬಿಸಿಲಿಗಿಟ್ಟರೆ ಸಾಲದು, ನಮ್ಮ ಬಿಸಿಲಾದರೂ ಸಾಲದು. ತಣ್ಣಗಾದ ಮೇಲೆ ಮೆಗ್ಗರ್ 100 ಮೆಗಾ ಓಮ್ ದಾಟಬೇಕು.

ರೋಟರ್, ಸ್ಟೇಟರ್ ನಡುವಿನ ಸಂದು ಒಂದು ಮಿಲಿಮೀಟರಿನ ಕಾಲು ಭಾಗದಷ್ಟೇ. ನಾಲ್ಕು ಕಡೆ ಒಂದೇ ದಪ್ಪದ ಫಿಲ್ಮ್ ಪಟ್ಟಿ ಸೇರಿಸಿ, ಬೋಲ್ಟ್‌ಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ, ಆಮೇಲೆ ಪಟ್ಟಿ ಎಳೆಯಿರಿ. ಬೆರಳಲ್ಲಿ ತಿರುಗಿಸಿದರೆ ಎಲ್ಲೂ ಉಜ್ಜಬಾರದು.

ಎಣ್ಣೆ ಹಾಕಿ, ಸರಿಯಾದ ರಿಲೇ, ಓವರ್‌ಲೋಡ್ ಸಮೇತ ಒಂದೆರಡು ನಿಮಿಷ ಓಡಿಸಿ, ಕ್ಲಾಂಪ್ ಮೀಟರ್ ನೋಡಿ. ಚೀಟಿಯಲ್ಲಿರುವ ಆಂಪಿಯರ್ ದಾಟಬಾರದು. ಎಣ್ಣೆ ಹೊಂದಿಸುವುದು ಹೀಗೆ: ಆರ್-12, ಆರ್-22ಗೆ ಮಿನರಲ್ ಎಣ್ಣೆ, ಆರ್-134ಎಗೆ ಪಿಒಇ (ಕೃತಕ ಎಸ್ಟರ್ ಎಣ್ಣೆ). ಪಿಒಇ ಗಾಳಿಯ ತೇವ ಬೇಗ ಹೀರುತ್ತದೆ, ಡಬ್ಬ ತೆರೆದಿಡಬೇಡಿ.

8. ಮುಚ್ಚುವುದು

ಪಂಚ್ ಗುರುತು ಹೊಂದಿಸಿ ಎದುರು ಬದುರು ಟ್ಯಾಕ್ ಹಾಕಿ, ಆಮೇಲೆ ತುಂಡು ತುಂಡಾಗಿ ವೆಲ್ಡ್ ಮಾಡಿ. ಪಿನ್ನುಗಳ ಸುತ್ತ ಗಾಜಿನ ಸೀಲ್ ಇರುತ್ತದೆ. ಬಿಸಿಗೆ ಅದು ಬಿರುಕು ಬಿಡದಂತೆ ಒದ್ದೆ ಬಟ್ಟೆ ಇಡಿ. 10 ಬಾರ್ ನೈಟ್ರೋಜನ್ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಂದು ಗುಳ್ಳೆಯೂ ಬರಬಾರದು. ತುಂಬುವಾಗ ದೂರ ನಿಲ್ಲಿ.

ನೈಟ್ರೋಜನ್ ಇಲ್ಲ ಅಂತ ಪಕ್ಕದ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಬೇಡಿ. ಆಕ್ಸಿಜನ್ನು, ಎಣ್ಣೆ ಸೇರಿದರೆ ಸ್ಫೋಟ. ಡಬ್ಬಿ ಬಾಂಬಿನಂತೆ ಸಿಡಿಯುತ್ತದೆ, ಜೀವ ಹೋಗುತ್ತದೆ.

9. ಪೈಪ್ ಲೈನಿಗೆ ಸೇರಿಸುವುದು

ಮೋಟರ್ ಸುಟ್ಟಾಗ ಆಸಿಡ್ಡು, ಮಸಿ ಇಡೀ ಲೈನಿಗೆ ಹರಡಿರುತ್ತದೆ. ಹಾಗೇ ಸೇರಿಸಿದರೆ ನೀವು ಹಾಕಿದ ಹೊಸ ಎನಾಮಲ್ಲನ್ನು ಅದು ತಿನ್ನುತ್ತದೆ. ಲೈನ್ ಪೂರ್ತಿ ಫ್ಲಶ್ ಮಾಡಿ ನೈಟ್ರೋಜನ್ ಊದಿ. ಫಿಲ್ಟರ್ ಡ್ರೈಯರ್, ಅಂದರೆ ತೇವ ಮತ್ತು ಕಸ ಹಿಡಿಯುವ ಸಣ್ಣ ಕೊಳವೆ, ಹೊಸದೇ ಹಾಕಿ. ಕ್ಯಾಪಿಲರಿಯನ್ನೂ ಬದಲಿಸುವುದು ವಾಸಿ.

ವ್ಯಾಕ್ಯೂಮ್ 500 ಮೈಕ್ರಾನ್‌ವರೆಗೆ (ಮೈಕ್ರಾನ್ ಇಲ್ಲಿ ಒತ್ತಡದ ಅಳತೆ) ಇಳಿಯಲಿ. ಪಂಪ್ ನಿಲ್ಲಿಸಿದ ಮೇಲೆ ಅದು ಏರುತ್ತಾ ಹೋದರೆ ತೇವ ಇಲ್ಲವೇ ಸೋರಿಕೆ ಇದೆ. ವ್ಯಾಕ್ಯೂಮ್ ಇರುವಾಗ ಕಂಪ್ರೆಸರಿಗೆ ಕರೆಂಟ್ ಕೊಡಬೇಡಿ, ಮೆಗ್ಗರನ್ನೂ ಹಚ್ಚಬೇಡಿ. ಆ ಸ್ಥಿತಿಯಲ್ಲಿ ಪಿನ್ನುಗಳ ನಡುವೆ ಸುಲಭವಾಗಿ ಕಿಡಿ ಹಾರಿ ಹೊಸ ವೈಂಡಿಂಗ್ ಹಾಳಾಗುತ್ತದೆ. ಕಂಪ್ರೆಸರನ್ನೇ ಓಡಿಸಿ ವ್ಯಾಕ್ಯೂಮ್ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಗ್ಯಾಸನ್ನು ಚೀಟಿಯಲ್ಲಿರುವಷ್ಟೇ ತೂಗಿ ಹಾಕಿ. ಎರಡು ಮೂರು ಗಂಟೆ ಓಡಿದ ಮೇಲೆ ಆಂಪಿಯರ್ ಮತ್ತೊಮ್ಮೆ ಅಳೆದು, ವೋಲ್ಟೇಜ್ ಎಷ್ಟಿತ್ತು ಅನ್ನುವುದನ್ನೂ ಸೇರಿಸಿ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಬರೆಯಿರಿ. ತುಂಬಾ ಸುಟ್ಟಿದ್ದ ಕೇಸಾದರೆ ಎರಡು ದಿನ ಬಿಟ್ಟು ಹೋಗಿ, ಎಣ್ಣೆಗೆ ಆಸಿಡ್ ಟೆಸ್ಟ್ ಮಾಡಿ. ಬಣ್ಣ ತಿರುಗಿದರೆ ಎಣ್ಣೆ, ಡ್ರೈಯರ್ ಎರಡನ್ನೂ ಇನ್ನೊಮ್ಮೆ ಬದಲಿಸಬೇಕು. ಈ ಎರಡನೇ ಡ್ರೈಯರಿನ ಖರ್ಚನ್ನು ಗಿರಾಕಿಗೆ ಕೆಲಸ ಒಪ್ಪಿಕೊಳ್ಳುವಾಗಲೇ ಹೇಳಿ ಲೆಕ್ಕಕ್ಕೆ ಸೇರಿಸಿಕೊಳ್ಳಿ.